ತೆರಿಗೆ ಹಾಕಲಾಗದ ಕೇಂದ್ರ: 1781ರಿಂದ 1789ರವರೆಗಿನ ಅಮೆರಿಕದ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ (ಸಪ್ತಾಪುರ, ಧಾರವಾಡ)

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದಲ್ಲಿದ್ದು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ಅಮೆರಿಕದ ಮೊದಲ ಸಂವಿಧಾನವಾದ ‘ಆರ್ಟಿಕಲ್ಸ್ ಆಫ್ ಕಾನ್‌ಫೆಡರೇಷನ್’ ಏಕೆ ವಿಫಲವಾಯಿತು ಎಂಬುದಕ್ಕೆ ನನ್ನ ಟಿಪ್ಪಣಿಗಳಲ್ಲೆಲ್ಲ ಒಂದೇ ಉತ್ತರವಿದೆ: ಕೇಂದ್ರಕ್ಕೆ ತೆರಿಗೆ ಹಾಕುವ ಅಧಿಕಾರವಿರಲಿಲ್ಲ, ಕಾರ್ಯಾಂಗವಿರಲಿಲ್ಲ, ನ್ಯಾಯಾಂಗವೂ ಇರಲಿಲ್ಲ. ಇದನ್ನು ಬಾಯಿಪಾಠ ಮಾಡುವುದು ಸುಲಭ. ಆದರೆ ಬ್ರಿಟನ್ನಿನಂತಹ ಸಾಮ್ರಾಜ್ಯದೊಡನೆ ಯುದ್ಧ ಮಾಡುತ್ತಿದ್ದ ಅನುಭವಸ್ಥರು ಇಷ್ಟು ದುರ್ಬಲವಾದ ಕೇಂದ್ರವನ್ನು ತಿಳಿದೂ ಏಕೆ ಕಟ್ಟಿದರು? ಕೊರತೆ ಕಣ್ಣಿಗೆ ಬಿದ್ದ ಮೇಲಾದರೂ ಅದನ್ನು ತಿದ್ದಿಕೊಳ್ಳಲು ಏಕೆ ಆಗಲಿಲ್ಲ? ಹೊಸದಾಗಿ ಸ್ವತಂತ್ರವಾದ ಭಾರತಕ್ಕೆ ಇದೇ ಕಷ್ಟ ಏಕೆ ಬರಲಿಲ್ಲ? ತಿಳಿದವರು ವಿವರಿಸಬೇಕೆಂದು ವಿನಂತಿ.

ಉತ್ತರ 1 (ನಿವೃತ್ತ ಇತಿಹಾಸ ಉಪನ್ಯಾಸಕ, ಗದಗ)

ಅವರು ತಿಳಿದೇ ಕಟ್ಟಿದರು. ತಮ್ಮ ಪ್ರತಿನಿಧಿಗಳಿಲ್ಲದ, ದೂರದ ಪಾರ್ಲಿಮೆಂಟೊಂದು ತಮ್ಮ ಮೇಲೆ ತೆರಿಗೆ ಹೇರುತ್ತಿದೆ ಎಂದೇ ಅವರು ಬಂಡೆದ್ದಿದ್ದರು. ಆ ಹೋರಾಟದ ನಡುವೆಯೇ, 1777ರ ನವೆಂಬರ್ 15ರಂದು, ರಾಜ್ಯಗಳ ಪ್ರತಿನಿಧಿ ಸಭೆಯಾದ ಕಾಂಗ್ರೆಸ್ ಈ ನಿಯಮಾವಳಿಯನ್ನು ಒಪ್ಪಿಕೊಂಡಾಗ, ಒಂದು ದೂರದ ಅಧಿಕಾರವನ್ನು ಕಿತ್ತುಹಾಕಿ ಅದರ ಜಾಗದಲ್ಲಿ ಇನ್ನೊಂದನ್ನು ತಂದು ಕೂರಿಸುವ ಮನಸ್ಸು ಯಾವ ರಾಜ್ಯಕ್ಕೂ ಇರಲಿಲ್ಲ. ಆದ್ದರಿಂದ ಸಣ್ಣದಿರಲಿ ದೊಡ್ಡದಿರಲಿ ಪ್ರತಿ ರಾಜ್ಯಕ್ಕೂ ಒಂದೇ ಮತ, ಯುದ್ಧ, ಒಪ್ಪಂದ, ಹಣಕಾಸಿನಂತಹ ಮುಖ್ಯ ವಿಷಯಗಳಿಗೆ 13ರಲ್ಲಿ 9 ರಾಜ್ಯಗಳ ಒಪ್ಪಿಗೆ, ತಿದ್ದುಪಡಿಗೆ ಎಲ್ಲ 13 ರಾಜ್ಯಗಳ ಒಪ್ಪಿಗೆ ಎಂಬ ವ್ಯವಸ್ಥೆಯಾಯಿತು. ಪಶ್ಚಿಮದ ಭೂಮಿಯ ಮೇಲೆ ವರ್ಜೀನಿಯಾದಂತಹ ರಾಜ್ಯಗಳು ಹಕ್ಕು ಬಿಟ್ಟುಕೊಡಬೇಕೆಂದು ಮೇರಿಲ್ಯಾಂಡ್ ಹಟ ಹಿಡಿದುದರಿಂದ, ನಿಯಮಾವಳಿ ಜಾರಿಗೆ ಬರಲು 1781ರ ಮಾರ್ಚ್ 1ರವರೆಗೆ ಕಾಯಬೇಕಾಯಿತು.

ನಿಮ್ಮ ಎರಡನೆಯ ಪ್ರಶ್ನೆಗೆ ಆಮದು ಸುಂಕದ ಕಥೆಯೇ ಉತ್ತರ. ಯುದ್ಧದ ಸಾಲ ತೀರಿಸಲು ಆಮದಿನ ಮೇಲೆ ಶೇ. 5ರಷ್ಟು ಸುಂಕ ಹಾಕಲು ಅನುಮತಿ ಕೊಡಿ ಎಂದು ಕಾಂಗ್ರೆಸ್ 1781ರಲ್ಲಿ ರಾಜ್ಯಗಳನ್ನು ಕೇಳಿತು. 1782ರಲ್ಲಿ ರೋಡ್ ಐಲ್ಯಾಂಡ್ ನಿರಾಕರಿಸಿತು. ಬಂದರಿನ ವ್ಯಾಪಾರವನ್ನೇ ನಂಬಿದ್ದ ಆ ಪುಟ್ಟ ರಾಜ್ಯಕ್ಕೆ ತನ್ನ ಆದಾಯದ ಮೂಲವನ್ನು ಬಿಟ್ಟುಕೊಡುವುದು ಬೇಕಿರಲಿಲ್ಲ. ಕಾಂಗ್ರೆಸ್ 1783ರಲ್ಲಿ, ಸುಂಕದ ಅವಧಿಯನ್ನು 25 ವರ್ಷಕ್ಕೆ ಮಿತಿಗೊಳಿಸಿ, ಮತ್ತೆ ಕೇಳಿತು. ಈ ಸಲ 1786ರಲ್ಲಿ ನ್ಯೂಯಾರ್ಕ್ ಅಡ್ಡ ನಿಂತಿತು. ನೆರೆಯ ನ್ಯೂಜೆರ್ಸಿ ಮತ್ತು ಕನೆಕ್ಟಿಕಟ್‌ನ ಜನ ಕೊಳ್ಳುವ ಸರಕಿನ ಸುಂಕವೂ ನ್ಯೂಯಾರ್ಕ್ ಬಂದರಿನಲ್ಲೇ ವಸೂಲಾಗುತ್ತಿತ್ತು. ಅದನ್ನು ಅದು ಬಿಡುವುದಾದರೂ ಹೇಗೆ? ಇದರಿಂದ ಬೇಸತ್ತ ನ್ಯೂಜೆರ್ಸಿ, ನ್ಯೂಯಾರ್ಕ್ ಒಪ್ಪುವವರೆಗೆ ಕಾಂಗ್ರೆಸ್ಸಿಗೆ ತನ್ನ ಪಾಲಿನ ಹಣ ಕೊಡುವುದಿಲ್ಲವೆಂದು ಘೋಷಿಸಿತು. ಎರಡು ಸಲವೂ ಬಹುತೇಕ ರಾಜ್ಯಗಳು ಒಪ್ಪಿದ್ದವು ಎಂಬುದನ್ನು ಗಮನಿಸಿ. ದುರಸ್ತಿಗೂ ಸರ್ವಾನುಮತ ಬೇಕೆಂದಿದ್ದ ಕಾರಣ, ದೋಷ ಎಲ್ಲರಿಗೂ ಗೊತ್ತಿದ್ದೂ ಹಾಗೆಯೇ ಉಳಿಯಿತು.

ಉತ್ತರ 2 (ಗ್ರಾಮ ಪಂಚಾಯಿತಿ ನೌಕರ, ಹಾವೇರಿ)

ಗುರುಗಳ ಮಾತಿಗೆ ನನ್ನ ಕೆಲಸದಿಂದ ಒಂದು ಹೋಲಿಕೆ ಸೇರಿಸುತ್ತೇನೆ. ನಮ್ಮಲ್ಲಿ ಮನೆಪಟ್ಟಿ ವಸೂಲು ಮಾಡುವ ಅಧಿಕಾರ ಗ್ರಾಮ ಪಂಚಾಯಿತಿಗಿದೆ, ತಾಲೂಕು ಪಂಚಾಯಿತಿಗಿಲ್ಲ. ಅದು ಸರ್ಕಾರದ ಅನುದಾನದಿಂದ ನಡೆಯುತ್ತದೆ. ಆ ಅನುದಾನವೂ ಇಲ್ಲದೆ, ಗ್ರಾಮ ಪಂಚಾಯಿತಿಗಳು ತಮ್ಮ ಮನೆಪಟ್ಟಿಯಲ್ಲಿ ಮನಸ್ಸು ಬಂದಷ್ಟು ಕೊಟ್ಟರೆ ಮಾತ್ರ ತಾಲೂಕು ಪಂಚಾಯಿತಿ ನಡೆಯಬೇಕೆಂದಿದ್ದರೆ ಹೇಗಿರುತ್ತಿತ್ತೋ, ಅಮೆರಿಕದ ಕಾಂಗ್ರೆಸ್ಸಿನ ಸ್ಥಿತಿ ಹಾಗಿತ್ತು. 1783ರ ಜೂನಿನಲ್ಲಿ ಸಂಬಳ ಸಿಗದ ಸೈನಿಕರು ಫಿಲಡೆಲ್ಫಿಯಾದಲ್ಲಿ ಸಭಾಭವನವನ್ನು ಸುತ್ತುವರಿದಾಗ, ಪೆನ್ಸಿಲ್ವೇನಿಯಾ ರಾಜ್ಯ ರಕ್ಷಣೆಗೆ ಪಡೆಯನ್ನು ಕರೆಯಲು ಒಪ್ಪದೆ, ಕಾಂಗ್ರೆಸ್ ಪ್ರಿನ್ಸ್‌ಟನ್‌ಗೆ ಹೋಗಬೇಕಾಯಿತು.

ಉತ್ತರ 3 (ವಕೀಲರು, ಹುಬ್ಬಳ್ಳಿ)

ಹಣವೊಂದೇ ಕಾರಣವೆಂಬಂತೆ ಚರ್ಚೆ ಸಾಗುತ್ತಿರುವುದರಿಂದ ಸ್ವಲ್ಪ ಭಿನ್ನಾಭಿಪ್ರಾಯ ದಾಖಲಿಸುತ್ತೇನೆ. ಮೂಲ ದೋಷವೆಂದರೆ, ಆ ಕಾಂಗ್ರೆಸ್ ರಾಜ್ಯಗಳೊಡನೆ ಮಾತ್ರ ಮಾತನಾಡಬಲ್ಲದಾಗಿತ್ತು, ಪ್ರಜೆಯೊಡನೆ ಅಲ್ಲ. 1783ರ ಪ್ಯಾರಿಸ್ ಒಪ್ಪಂದದ ಪ್ರಕಾರ ಸಾಲ ಕೊಟ್ಟಿದ್ದ ಬ್ರಿಟಿಷರ ವಸೂಲಿಗೆ ಕಾನೂನಿನ ಅಡ್ಡಿ ಇರಕೂಡದಿತ್ತು; ವರ್ಜೀನಿಯಾದಂತಹ ರಾಜ್ಯಗಳು ಅಡ್ಡಿ ಮಾಡಿದವು. ಕಾಂಗ್ರೆಸ್ಸಿಗೆ ಅದನ್ನು ತಡೆಯುವ ನ್ಯಾಯಾಲಯವಿರಲಿಲ್ಲ. ಬ್ರಿಟನ್ ಇದನ್ನೇ ನೆಪ ಮಾಡಿಕೊಂಡು ಡೆಟ್ರಾಯಿಟ್, ನಯಾಗರಾ ಕೋಟೆಗಳನ್ನು 1796ರವರೆಗೂ ಬಿಡಲಿಲ್ಲ. ಖಜಾನೆ ತುಂಬಿದ್ದರೂ ಈ ತೊಡಕು ಹಾಗೆಯೇ ಇರುತ್ತಿತ್ತು.

ಆ ವ್ಯವಸ್ಥೆಯಿಂದ ಏನೂ ಆಗಲಿಲ್ಲವೆಂದೂ ಬರೆಯಬೇಡಿ. ಯುದ್ಧ ಗೆದ್ದದ್ದೂ, 1787ರ ಜುಲೈ 13ರಂದು ಓಹಾಯೋ ನದಿಯಾಚೆಗಿನ ವಾಯವ್ಯ ಪ್ರಾಂತ್ಯದ ಕಾನೂನನ್ನು ಮಾಡಿ ಅಲ್ಲಿ ಗುಲಾಮಗಿರಿಯನ್ನು ನಿಷೇಧಿಸಿದ್ದೂ ಅದೇ ಕಾಂಗ್ರೆಸ್. ಅದೇ ಬೇಸಿಗೆಯಲ್ಲಿ ಫಿಲಡೆಲ್ಫಿಯಾದಲ್ಲಿ ರೂಪುಗೊಂಡ ಹೊಸ ಸಂವಿಧಾನವಾದರೋ, ದಕ್ಷಿಣದ ರಾಜ್ಯಗಳನ್ನು ಒಳಗಿಟ್ಟುಕೊಳ್ಳುವುದಕ್ಕಾಗಿ, ಪ್ರಾತಿನಿಧ್ಯದ ಲೆಕ್ಕದಲ್ಲಿ ಗುಲಾಮರ ಸಂಖ್ಯೆಯ ಐದರಲ್ಲಿ ಮೂರು ಪಾಲನ್ನು ಸೇರಿಸಿತು. 1808ರವರೆಗೆ ಗುಲಾಮರ ಆಮದನ್ನು ಕಾಂಗ್ರೆಸ್ ನಿಷೇಧಿಸಕೂಡದೆಂದಿತು. ಸಮರ್ಥ ಕೇಂದ್ರಕ್ಕೆ ತೆತ್ತ ಈ ಬೆಲೆಯನ್ನು ಮರೆಮಾಚುವ ಉತ್ತರ ಪ್ರಾಮಾಣಿಕವಾದುದಲ್ಲ ಎಂದು ನಾನು ಭಾವಿಸುತ್ತೇನೆ.

ಇನ್ನು ಭಾರತದ ವಿಷಯ. 1946ರ ಮೇ 16ರ ಕ್ಯಾಬಿನೆಟ್ ಮಿಷನ್ ಯೋಜನೆ ಕೇಂದ್ರಕ್ಕೆ ರಕ್ಷಣೆ, ವಿದೇಶಾಂಗ, ಸಂಪರ್ಕ ಎಂಬ ಮೂರೇ ವಿಷಯಗಳನ್ನೂ ಅವುಗಳಿಗೆ ಬೇಕಾದ ಹಣ ಎತ್ತುವ ಅಧಿಕಾರವನ್ನೂ ಕೊಟ್ಟಿತ್ತು. ದೇಶವಿಭಜನೆ ನಿಶ್ಚಯವಾದ ಮೇಲೆ, ನೆಹರೂ ಅಧ್ಯಕ್ಷತೆಯ ಕೇಂದ್ರಾಧಿಕಾರ ಸಮಿತಿ 1947ರ ಜುಲೈನಲ್ಲಿ ಬಲವಾದ ಕೇಂದ್ರದ ಕಡೆಗೆ ತಿರುಗಿತು. ಅದಕ್ಕಿಂತ ದೊಡ್ಡ ವ್ಯತ್ಯಾಸವೆಂದರೆ, ನಮ್ಮಲ್ಲಿ ಸುಂಕ ಮತ್ತು ಆದಾಯ ತೆರಿಗೆ ವಸೂಲು ಮಾಡುವ ಕೇಂದ್ರ ಇಲಾಖೆಗಳು ಮೊದಲೇ ನಡೆಯುತ್ತಿದ್ದವು. ಬ್ರಿಟಿಷರ ಕಾಲದ 1935ರ ಭಾರತ ಸರ್ಕಾರ ಕಾಯ್ದೆಯನ್ನೇ ಮಾರ್ಪಡಿಸಿಕೊಂಡು 1947ರಿಂದ 1950ರವರೆಗೆ ಆಡಳಿತ ಸಾಗಿತು. ನಮ್ಮ ಭಾಗದ ಸವಣೂರು ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದಾಗ ಅದು ಸೇರಿದ್ದು ಆಗಲೇ ನಡೆಯುತ್ತಿದ್ದ ಆಡಳಿತವನ್ನು. ಅಮೆರಿಕದವರಾದರೋ ತಮ್ಮ ಮೇಲೆ ತೆರಿಗೆ ಹಾಕುತ್ತಿದ್ದ ಅಧಿಕಾರದಿಂದ ಬಿಡಿಸಿಕೊಂಡಿದ್ದರಿಂದ, ಕೇಂದ್ರದ ಖಜಾನೆಯನ್ನು ತಳಪಾಯದಿಂದ ಕಟ್ಟಬೇಕಾಯಿತು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಇನ್ನೊಂದು ಸಂದೇಹವಿದೆ. ಹಣ ಕೊಡದ ರಾಜ್ಯದ ಮೇಲೆ ಸೈನ್ಯ ಕಳಿಸುವ ಅಧಿಕಾರವನ್ನು ಕಾಂಗ್ರೆಸ್ಸಿಗೆ ಕೊಟ್ಟಿದ್ದರೆ ಸಾಕಾಗುತ್ತಿರಲಿಲ್ಲವೇ?

ಉತ್ತರ 4 (ನಿವೃತ್ತ ಇತಿಹಾಸ ಉಪನ್ಯಾಸಕ, ಗದಗ)

ವರ್ಜೀನಿಯಾದವರು ಫಿಲಡೆಲ್ಫಿಯಾ ಸಭೆಗೆ ತಂದ ಯೋಜನೆಯಲ್ಲಿ ಅಂತಹ ಅಂಶವಿತ್ತು. 1787ರ ಮೇ 31ರಂದು ಅದನ್ನು ಮುಂದೂಡಬೇಕೆಂದು ಕೋರಿದವರು ಅದೇ ರಾಜ್ಯದ ಜೇಮ್ಸ್ ಮ್ಯಾಡಿಸನ್. ಒಂದು ರಾಜ್ಯದ ಮೇಲೆ ಬಲಪ್ರಯೋಗ ಮಾಡುವುದು ತಪ್ಪಿತಸ್ಥರಿಗೆ ಕೊಡುವ ಶಿಕ್ಷೆಗಿಂತ ಹೆಚ್ಚಾಗಿ ಯುದ್ಧ ಸಾರಿದಂತಾಗುತ್ತದೆ ಎಂಬುದು ಅವರ ವಾದ. ವಕೀಲರು ಹೇಳಿದ ದೋಷಕ್ಕೆ ಸಭೆ ಕಂಡುಕೊಂಡ ಪರಿಹಾರ ಇಲ್ಲಿಂದಲೇ ಹೊರಟಿತು: ಕೇಂದ್ರದ ಕಾನೂನು ನೇರವಾಗಿ ವ್ಯಕ್ತಿಗೆ ಅನ್ವಯಿಸಬೇಕು, ರಾಜ್ಯಗಳ ನ್ಯಾಯಾಧೀಶರೂ ಅದಕ್ಕೆ ಬದ್ಧರಾಗಿರಬೇಕು. ಹಳೆಯ ಸರ್ವಾನುಮತದ ಬಲೆಗೆ ಮತ್ತೆ ಸಿಕ್ಕಿಕೊಳ್ಳದಂತೆ, 9 ರಾಜ್ಯಗಳು ಅನುಮೋದಿಸಿದರೆ ಅವುಗಳ ಮಟ್ಟಿಗೆ ಹೊಸ ಸಂವಿಧಾನ ಜಾರಿಯಾಗುತ್ತದೆಂದು ಬರೆದರು. ಸಭೆಗೆ ಪ್ರತಿನಿಧಿಗಳನ್ನೇ ಕಳಿಸದಿದ್ದ ರೋಡ್ ಐಲ್ಯಾಂಡ್ 1790ರ ಮೇ ತಿಂಗಳಲ್ಲಿ ಎಲ್ಲಕ್ಕಿಂತ ಕೊನೆಗೆ ಒಪ್ಪಿತು. ಅಷ್ಟರಲ್ಲಿ, 1789ರ ಜುಲೈ 4ರಂದು, ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಆಮದು ಸುಂಕದ ಕಾನೂನಿಗೆ ಸಹಿ ಹಾಕಿಯಾಗಿತ್ತು, ಮತ್ತು ನ್ಯೂಯಾರ್ಕ್ ಬಂದರಿನ ಸುಂಕ ಕೇಂದ್ರದ ಖಜಾನೆಗೆ ಸೇರತೊಡಗಿತ್ತು.