‘ನಮ್ಮನೆ ಬಳಗ’ ಗುಂಪಲ್ಲಿ 93 ಪರ್ಸೆಂಟ್ ಜಗಳ

ದೊಡ್ಡಪ್ಪ: (ಫಾರ್ವರ್ಡ್) ನಿಮಗೆ ಗೊತ್ತೇ? ಮನುಷ್ಯರ ಸಂವಹನದಲ್ಲಿ ಮಾತಿನ ಪಾಲು ಬರೀ 7%. ದನಿ 38%. ದೇಹ ಭಾಷೆ 55%! ಕೈಕಟ್ಟಿ ನಿಂತವನು ಏನೋ ಮುಚ್ಚಿಡುತ್ತಿದ್ದಾನೆ. ಮೂಗು ಮುಟ್ಟಿಕೊಳ್ಳುವವನು ಸುಳ್ಳು ಹೇಳುತ್ತಿದ್ದಾನೆ. ಕಣ್ಣು ತಪ್ಪಿಸುವವನನ್ನು ನಂಬಬೇಡಿ. ಎಲ್ಲರಿಗೂ ಹಂಚಿ.

ದೊಡ್ಡಪ್ಪ: ಪುಟ್ಟಿ, ನಿನ್ನ ಪ್ರಾಜೆಕ್ಟಿಗೆ ಹೇಳಿ ಮಾಡಿಸಿದ ಹಾಗಿದೆ ನೋಡಮ್ಮ. ಮೊದಲನೇ ಸ್ಲೈಡಿಗೇ ಹಾಕು

ಪುಟ್ಟಿ: ಥ್ಯಾಂಕ್ಸ್ ದೊಡ್ಡಪ್ಪಾ!! ಸೋಮವಾರ ಪ್ರೆಸೆಂಟೇಷನ್, ಇನ್ನೂ ಹೆಸರು ಬಿಟ್ರೆ ಏನೂ ಬರೆದಿಲ್ಲ

ಅಕ್ಕ: ಪುಟ್ಟಿ ಅದನ್ನ ಹಾಕ್ಬೇಡ

ದೊಡ್ಡಪ್ಪ: ಯಾಕಮ್ಮ?

ಅಕ್ಕ: ದೊಡ್ಡಪ್ಪ ಬೇಜಾರ್ ಮಾಡ್ಕೋಬೇಡಿ, ಈ ಲೆಕ್ಕ ಬಂದಿದ್ದು ಆಲ್ಬರ್ಟ್ ಮೆಹ್ರಾಬಿಯನ್ ಅನ್ನೋರಿಂದ, ಅಮೆರಿಕದ ಸೈಕಾಲಜಿ ಪ್ರೊಫೆಸರ್, 1967ರಲ್ಲಿ ಎರಡು ಚಿಕ್ಕ ಪ್ರಯೋಗ ಮಾಡಿದ್ರು. ಒಂದರಲ್ಲಿ ಟೇಪಲ್ಲಿ ಒಂದೊಂದೇ ಪದ, ಒಟ್ಟು ಒಂಬತ್ತು ಪದ, ಬೇರೆ ಬೇರೆ ದನಿಯಲ್ಲಿ ಓದಿಸಿ ಕೇಳಿಸಿದ್ರು. ಇನ್ನೊಂದರಲ್ಲಿ ‘ಇರಬಹುದು’ ಅನ್ನೋ ಥರದ ಒಂದೇ ಒಂದು ಪದ, ಜೊತೆಗೆ ಒಂದು ಮುಖದ ಫೋಟೋ. ಈ ಮನುಷ್ಯನಿಗೆ ಎದುರಿಗಿರೋರ ಮೇಲೆ ಇಷ್ಟ ಇದ್ಯಾ ಇಲ್ವಾ ಅಂತ ಊಹಿಸಿ ಅಂದ್ರು. ಅಷ್ಟೇ. ಎರಡನ್ನೂ ಸೇರಿಸಿ 7-38-55 ಅಂತ ಬರೆದ್ರು. ಆ 55 ಮುಖದ್ದು, ಅದೂ ಫೋಟೋ, ಕೈಕಾಲು ಅದರಲ್ಲಿ ಇರಲೇ ಇಲ್ಲ!! ದೇಹ ಭಾಷೆ ಅಂತ ಆಮೇಲೆ ಜನ ಅಂಟಿಸಿದ್ದು

ಅಕ್ಕ: ಭಾವನೆ, ಇಷ್ಟಾನಿಷ್ಟ ಬಿಟ್ಟು ಬೇರೆ ಮಾತಿಗೆ ಇದು ಅನ್ವಯಿಸಲ್ಲ ಅಂತ ಆ ಮೆಹ್ರಾಬಿಯನ್ನೇ ಹೇಳಿದಾರೆ

ಮಧು: ಏಯ್ ಸುಮ್ನಿರೇ, ನಮ್ಮ ಕಂಪನಿ ಟ್ರೈನಿಂಗಲ್ಲಿ ಇದೇ ಸ್ಲೈಡ್ ತೋರ್ಸಿದ್ರು, ಅರ್ಧ ದಿನದ ಸೆಷನ್ನು, ಅವರೇನು ದಡ್ಡರಾ

ಅಕ್ಕ: ದುಡ್ಡು ತಗೊಂಡು ಹೋದ್ರಲ್ಲ, ದಡ್ಡರು ಅವರಲ್ಲ ಬಿಡು

ಮಾವ: ನನಗೊಂದು ಡೌಟು. ಹಂಗಾದ್ರೆ ನಾನು ಚಿಕ್ಕೋನಿದ್ದಾಗ ರೇಡಿಯೋದಲ್ಲಿ ಪ್ರದೇಶ ಸಮಾಚಾರ ಕೇಳ್ತಿದ್ನಲ್ಲ, ಮುಖ ಕಾಣ್ತಿರಲಿಲ್ಲ, 45 ಪರ್ಸೆಂಟ್ ಮಾತ್ರ ಅರ್ಥ ಆಗ್ತಿತ್ತಾ? ಈ ಗುಂಪಲ್ಲಿ ದನಿನೂ ಇಲ್ಲ, ಬರೀ 7ರಲ್ಲೇ ಇಷ್ಟು ಜಗಳ ಆಡ್ತಿದೀವಿ

ದೊಡ್ಡಪ್ಪ: ತಮಾಷೆ ಬೇಡ ಮೂರ್ತಿ. ನಾನು 32 ವರ್ಷ ಬ್ಯಾಂಕಲ್ಲಿ ಕೂತಿದೀನಿ. ಲೋನ್ ಕೇಳೋಕೆ ಬಂದವನು ಕುರ್ಚಿ ಎಳ್ಕೊಳ್ಳೋ ರೀತಿಯಲ್ಲೇ ಗೊತ್ತಾಗ್ತಿತ್ತು ಇವನು ತೀರಿಸ್ತಾನಾ ಕೈ ಎತ್ತುತಾನಾ ಅಂತ. ಪುಸ್ತಕ ಓದಿ ಬರೋ ವಿದ್ಯೆ ಅಲ್ಲ ಇದು

ದೊಡ್ಡಮ್ಮ: ಆ ಟ್ರ್ಯಾಕ್ಟರ್ ಲೋನಿನವನು ಮನೆಗೆ ಬಂದು ನಿಮ್ಮ ಕಣ್ಣಲ್ಲಿ ಕಣ್ಣಿಟ್ಟೇ ಮಾತಾಡಿದ್ದ

ದೊಡ್ಡಪ್ಪ: ಅದು ಬೇರೆ ವಿಷಯ

ದೊಡ್ಡಮ್ಮ: ಕಾಫಿ ನಾನೇ ಕೊಟ್ಟಿದ್ದೆ

ಮಧು: 😂😂😂

ಅಕ್ಕ: ದೊಡ್ಡಪ್ಪ ನಿಮ್ಮೊಬ್ಬರ ಕಥೆ ಅಲ್ಲ ಇದು. ಸುಳ್ಳು ಯಾವುದು ನಿಜ ಯಾವುದು ಅಂತ ನೋಡಿ ಹೇಳೋ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಹಾಕಿ 2006ರಲ್ಲಿ ಬಾಂಡ್ ಮತ್ತೆ ಡಿಪೌಲೋ ಅನ್ನೋರು ಲೆಕ್ಕ ಮಾಡಿದ್ರು, 24 ಸಾವಿರಕ್ಕೂ ಹೆಚ್ಚು ಜನರ ಊಹೆ. ಸರಿ ಬಂದಿದ್ದು ಸರಾಸರಿ 54 ಪರ್ಸೆಂಟ್. ನಾಣ್ಯ ಚಿಮ್ಮಿದ್ರೆ 50 ಬರುತ್ತೆ. ಅದೇ ಕೆಲಸ ಮಾಡೋ ಪೊಲೀಸ್ನೋರು ಅವರು ಇವರು ಕೂಡ ಮಿಕ್ಕೋರಿಗಿಂತ ಅಷ್ಟೇನೂ ಮುಂದಿರಲಿಲ್ಲ. ತೊಂದರೆ ಎಲ್ಲಿ ಅಂದ್ರೆ ನಮ್ಮ ಊಹೆ ಸರಿಯಾಗಿದ್ದು ನಮಗೆ ನೆನಪಿರುತ್ತೆ, ತಪ್ಪಾಗಿದ್ದು ದೊಡ್ಡಮ್ಮನಿಗೆ ನೆನಪಿರುತ್ತೆ

ಹುಬ್ಬಳ್ಳಿ ಅತ್ತೆ: ಕಣ್ಣ ತಪ್ಪಿಸಿದ್ರ ಸುಳ್ಳಂತ? ನಮ್ಮ ಕಡೆ ಹಿರ್ಯಾರ ಮುಂದ ಕಣ್ಣಾಗ ಕಣ್ಣಿಟ್ಟು ಮಾತಾಡಿದ್ರ ‘ಎಷ್ಟ ಸೊಕ್ಕ ನೋಡ ಈ ಹುಡುಗೀಗೆ’ ಅಂತಿದ್ರು. ನನ್ನ ನೋಡಾಕ ಬಂದಾಗ ನಾ ಪೂರಾ ಹೊತ್ತು ಚಾಪಿ ನೋಡ್ಕೊಂತ ಕುಂತಿದ್ದೆ. ಹಂಗಂದ್ರ ನಾ ಏನ ಸುಳ್ಳ ಹೇಳಾಕತ್ತಿದ್ನೇನು?

ಮಾವ: ವಯಸ್ಸು ಒಂದು ವರ್ಷ ಕಮ್ಮಿ ಹೇಳಿದ್ರಲ್ಲ

ಹುಬ್ಬಳ್ಳಿ ಅತ್ತೆ: ಅದನ್ನ ಹೇಳಿದ್ದು ನಮ್ಮಪ್ಪ. ಅಂವ ನಿಮ್ಮನ್ನ ನೆಟ್ಟಗ ನೋಡ್ಕೊಂತನ ಹೇಳಿದ್ದ

ಪುಟ್ಟಿ: ಅತ್ತೆ ಇದನ್ನ ಬರ್ಕೊಳ್ಲಾ ಪ್ಲೀಸ್

ಡಲ್ಲಾಸ್ ಚಿಕ್ಕಪ್ಪ: ಈಗ ಎದ್ದೆ, ಏನಿದು 60 ಮೆಸೇಜು. ಪುಟ್ಟಿ ನನ್ನದೂ ಒಂದು ಬರ್ಕೋ, ಇಲ್ಲಿಗೆ ಬಂದ ಹೊಸದರಲ್ಲಿ ಮ್ಯಾನೇಜರ್ ಏನು ಕೇಳಿದ್ರೂ ನಾನು ನಮ್ಮೂರ ಥರ ತಲೆ ಆ ಕಡೆ ಈ ಕಡೆ ಓಲಾಡಿಸ್ತಿದ್ದೆ, ಸರಿ ಸರಿ ಆಯ್ತು ಅಂತ, ಅವನಿಗೆ ಅದು ‘ನೋ’ ಅನ್ನಿಸ್ತಿತ್ತಂತೆ, ಎರಡು ವಾರ ಆದ್ಮೇಲೆ ಕರೆದು ನಿನಗೆ ಈ ಪ್ರಾಜೆಕ್ಟ್ ಇಷ್ಟ ಇಲ್ವಾ ಅಂತ ಕೇಳಿದ. ಅದನ್ನ ಕೇಳಿದಾಗಲೂ ತಲೆ ಹಂಗೇ ಆಡಿಸಿದೆ

ಚಿಕ್ಕಮ್ಮ: ನಾಟ್ಯದ ಹಳೇ ಗ್ರಂಥ ಅಭಿನಯ ದರ್ಪಣದಲ್ಲಿ ತಲೆ ಆಡಿಸೋದಕ್ಕೇ 9 ಬಗೆ ಇದೆ ಪುಟ್ಟಿ. ಕ್ಲಾಸಿನಲ್ಲಿ ಮಕ್ಕಳಿಗೆ ಮೊದಲು ಕಲಿಸೋದೇ ಅದು, ಸಮ ಉದ್ವಾಹಿತ ಅಧೋಮುಖ ಅಂತ. ಅದರಲ್ಲಿ ಪರಿವಾಹಿತ ಅಂತ ಒಂದು, ಚಾಮರ ಬೀಸಿದ ಹಾಗೆ ಅತ್ತಿತ್ತ. ಅದರ ಉಪಯೋಗ ಹೇಳೋ ಶ್ಲೋಕದಲ್ಲಿ ಸಂತೋಷ, ಅನುಮೋದನೆ ಎರಡೂ ಬರುತ್ತೆ. ನಿಮ್ಮ ಮ್ಯಾನೇಜರಿಗೆ ಅದು ಗೊತ್ತಿರಲಿಲ್ಲ ಪಾಪ

ದೊಡ್ಡಪ್ಪ: 9 ಅಲ್ಲ 13. ನಾಟ್ಯಶಾಸ್ತ್ರದಲ್ಲಿ 13

ಚಿಕ್ಕಮ್ಮ: ಭಾವ ನಾಟ್ಯಶಾಸ್ತ್ರದಲ್ಲಿ 13, ದರ್ಪಣದಲ್ಲಿ 9, ನಾನು ದರ್ಪಣ ಅಂತಲೇ ಅಂದೆ

ದೊಡ್ಡಪ್ಪ: ಹಂಗಾದ್ರೆ ನಮ್ಮ ಹಿರೀಕರು ದೇಹ ಭಾಷೆಗೆ ನಿಘಂಟು ಬರೆದಿಟ್ಟಿದ್ದಾರೆ ಅಂತ ಆಯ್ತು. ಮತ್ತೆ ಇವಳು ಯಾಕೆ ಇಲ್ಲ ಅಂತಾಳೆ

ಚಿಕ್ಕಮ್ಮ: ಅದು ಕಲಿತು ಮಾಡೋದು ಭಾವ. ನೋಡೋರಿಗೂ ಗೊತ್ತು ಆಡೋರಿಗೂ ಗೊತ್ತು. ಪತಾಕ ಅನ್ನೋ ಕೈಮುದ್ರೆ ಹಿಡಿದ್ರೆ ಜೊತೆಗೆ ಹಾಡು ಇರುತ್ತೆ, ಹಾಡಿಲ್ದೆ ಬರೀ ಪತಾಕ ಹಿಡಿದ್ರೆ ಅದು ಮೋಡನೋ ಕಾಡೋ ನದಿನೋ ಯಾರಿಗೆ ಗೊತ್ತಾಗುತ್ತೆ. ಮೂಗು ಮುಟ್ಕೊಂಡೋನು ಸುಳ್ಳ ಅನ್ನೋದು ಬೇರೆ, ಅವನೇನು ನಿಮಗೆ ಹೇಳ್ತಿಲ್ಲ, ನೆಗಡಿ ಆಗಿರ್ಬೋದು

ಅಕ್ಕ: ಚಿಕ್ಕಮ್ಮ ಸೂಪರ್. ಇದೇ ಪಾಯಿಂಟು. ‘ಬಾ’ ಅಂತ ಕೈ ಸನ್ನೆ, ‘ಇಲ್ಲ’ ಅಂತ ನಾಲಿಗೆಯಲ್ಲಿ ಚ್ ಅನ್ನೋದು, ಇವು ಪದದ ಹಾಗೇ, ಊರಿಂದ ಊರಿಗೆ ಬದಲಾಗುತ್ತೆ. ಕೈಕಟ್ಟೋದು ಹಂಗಲ್ಲ, ಚಳಿ ಆದ್ರೂ ಕಟ್ತೀವಿ

ಮಧು: ಓಕೆ ಓಕೆ ಆದ್ರೆ ಪವರ್ ಪೋಸ್ ಆದ್ರೂ ನಿಜ ತಾನೇ? ಇಂಟರ್‌ವ್ಯೂಗೆ ಮುಂಚೆ ಸೊಂಟದ ಮೇಲೆ ಕೈ ಇಟ್ಕೊಂಡು ಎರಡು ನಿಮಿಷ ನಿಂತ್ರೆ ಹಾರ್ಮೋನ್ ಬದಲಾಗುತ್ತೆ ಅಂತ. ಬಾತ್ರೂಮಲ್ಲಿ ನಿಂತು ಹೋಗಿದ್ದೆ, ಕೆಲಸ ಸಿಕ್ತು

ಅಕ್ಕ: 2010ರದ್ದು ಅದು, 42 ಜನರ ಮೇಲೆ ಮಾಡಿದ್ದು. 2015ರಲ್ಲಿ ಬೇರೆಯವರು 200 ಜನರ ಮೇಲೆ ಮಾಡಿದಾಗ ಹಾರ್ಮೋನ್ ಅಲ್ಲಾಡಲಿಲ್ಲ. 2016ರಲ್ಲಿ ಆ ಮೊದಲನೇ ಪೇಪರಿನ ಮೊದಲ ಲೇಖಕಿನೇ ನನಗೆ ಇದರಲ್ಲಿ ನಂಬಿಕೆ ಉಳಿದಿಲ್ಲ ಅಂತ ಬರೆದ್ರು. ನಿನಗೆ ಕೆಲಸ ಸಿಕ್ಕಿದ್ದು ಮಾವ ಫೋನ್ ಮಾಡಿದ್ದಕ್ಕೆ

ಮಾವ: ನನ್ನ ಯಾಕೆ ಎಳೀತೀಯಾ

ಪುಟ್ಟಿ: ಎಲ್ಲರೂ ನಿಲ್ಲಿಸಿ!! ನಾನು ಈಗ ಏನು ಬರೀಲಿ? ಇದು ಸುಳ್ಳು ಅದು ಸುಳ್ಳು ಅಂತ 12 ಸ್ಲೈಡ್ ಮಾಡೋಕಾಗುತ್ತಾ, ಮ್ಯಾಮ್ ‘ನಿಮ್ಮ ಸ್ವಂತ ಸಂಶೋಧನೆ ಇರಬೇಕು’ ಅಂದಿದಾರೆ

ಅಕ್ಕ: ಒಳ್ಳೇದೇ ಆಯ್ತು. ಒಂದೇ ಚಿಕ್ಕ ಪ್ರಶ್ನೆ ಇಟ್ಕೋ. ‘ಬೇಡ’ ಅನ್ನೋದನ್ನ ಜನ ಬಾಯಿ ಬಿಡದೆ ಹೆಂಗೆ ಹೇಳ್ತಾರೆ? ದೇವರಾಜ ಮಾರ್ಕೆಟ್ ಹೂವಿನ ಸಾಲಲ್ಲಿ ಬೆಳಗ್ಗೆ ಎರಡು ಗಂಟೆ ನಿಂತ್ಕೋ, ಹೂವಿನೋರು ಕರೀತಾರೆ, ಜನ ಬೇಡ ಅಂತ ಹೋಗ್ತಾರೆ, ಎಷ್ಟು ಜನ ತಲೆ ಆಡಿಸಿದ್ರು, ಎಷ್ಟು ಜನ ಕೈ ತೋರಿಸಿದ್ರು, ಎಷ್ಟು ಜನ ನೋಡದೇ ಹೋದ್ರು, ಗೀಟು ಹಾಕ್ತಾ ಹೋಗು. ಕಂಡಿದ್ದನ್ನ ಮಾತ್ರ ಬರಿ. ‘ಅಂಗೈ ತೋರಿಸಿದ್ರು’ ಅಂತ ಬರಿ, ‘ಸಿಟ್ಟು ಮಾಡ್ಕೊಂಡ್ರು’ ಅಂತ ಬರೀಬೇಡ, ಸಿಟ್ಟು ನಿನಗೆ ಕಾಣಲ್ಲ. ಪಕ್ಕದಲ್ಲಿ ಫ್ರೆಂಡ್ ನಿಲ್ಲಿಸ್ಕೋ, ಅವಳೂ ಬೇರೆ ಹಾಳೆಯಲ್ಲಿ ಗೀಟು ಹಾಕ್ಲಿ, ಆಮೇಲೆ ಇಬ್ಬರದ್ದೂ ಹೋಲಿಸಿ, ನಿಮ್ಮಿಬ್ಬರಿಗೇ ತಾಳೆ ಆಗ್ಲಿಲ್ಲ ಅಂದ್ರೆ ಅದೂ ಒಂದು ರಿಸಲ್ಟೇ. ವಿಡಿಯೋ ಬೇಡ, ಕೇಳದೆ ಜನರ ಮುಖ ತೆಗೀಬಾರದು

ಪುಟ್ಟಿ: ದೂರನೂ ಅಳೀಬಹುದಾ? ಹಾಲ್ ಅಂತ ಒಬ್ಬರು 45 ಸೆಂಟಿಮೀಟರ್ ಒಳಗೆ ತೀರಾ ಆಪ್ತರು ಮಾತ್ರ ಬರ್ತಾರೆ ಅಂದಿದಾರೆ ಅಂತ ನೋಟ್ಸಲ್ಲಿ ಇದೆ

ಮಾವ: ಸಿಟಿ ಬಸ್ಸಲ್ಲಿ ನನಗೆ ದಿನಾ ಐದಾರು ಜನ ತೀರಾ ಆಪ್ತರು

ಅಕ್ಕ: ಹಾಲ್ ಅಳೆದಿದ್ದು ಹೆಚ್ಚಾಗಿ ಅಮೆರಿಕದ ಮಧ್ಯಮ ವರ್ಗದೋರನ್ನ, 1966ರ ಪುಸ್ತಕದಲ್ಲಿ ಅವರೇ ಇದು ಎಲ್ಲರಿಗೂ ಅಲ್ಲ ಅಂದಿದಾರೆ. ದೂರ ಮುಂದಿನ ವರ್ಷಕ್ಕೆ ಇಟ್ಕೋ. ಒಂದೇ ಪ್ರಶ್ನೆ

ಹುಬ್ಬಳ್ಳಿ ಅತ್ತೆ: ಅವ್ವಿ, ಹೂವ ಬ್ಯಾಡ ಅನ್ನೂದು ಮುಂಜಾನಿ ಬ್ಯಾರೆ, ಸಂಜಿ ಬ್ಯಾರೆ. ಮುಂಜಾನಿ ದೇವ್ರಿಗೆ ಅಂತ ಕೇಳಿದ್ರ ಬ್ಯಾಡ ಅನ್ನಾಕ ಮನಸ್ಸ ಬರಂಗಿಲ್ಲ, ಸುಮ್ನ ಕೈ ಮುಗುದು ಹೋಗ್ತಾರ. ಎರಡೂ ಹೊತ್ತು ಹೋಗಿ ನೋಡು

ಅಕ್ಕ: ಅತ್ತೆ ಇದು ನನಗೇ ಹೊಳೆದಿರಲಿಲ್ಲ

ಪುಟ್ಟಿ: ಕೈ ಮುಗಿಯೋದು!! ಅದಕ್ಕೆ ಒಂದು ಕಾಲಂ ಹಾಕ್ತೀನಿ

ಪುಟ್ಟಿ: ದೊಡ್ಡಪ್ಪ ನೀವು ಯಾಕೆ ಸುಮ್ನಾಗ್ಬಿಟ್ರಿ, ಬೇಜಾರಾಯ್ತಾ

ದೊಡ್ಡಮ್ಮ: ಬೇಜಾರೇನಿಲ್ಲ, ಕನ್ನಡಕ ಹುಡುಕ್ತಿದಾರೆ

ದೊಡ್ಡಪ್ಪ: ಬೇಜಾರಿಲ್ಲಮ್ಮ. ಬ್ಯಾಂಕಲ್ಲಿ ಲೋನ್ ಇಲ್ಲ ಅಂತ ಹೇಳಬೇಕಾದಾಗ ನಾನು ಬಾಯಿ ಬಿಡ್ತಿರಲಿಲ್ಲ. ಫೈಲ್ ಮುಚ್ಚಿ ಅವರ ಕಡೆ ನಿಧಾನಕ್ಕೆ ತಳ್ತಿದ್ದೆ. ಒಬ್ಬರಾದ್ರೂ ಏನು ಅಂತ ಕೇಳ್ಲಿಲ್ಲ, ಎದ್ದು ಹೋಗ್ತಿದ್ರು. ಬೇಕಾದ್ರೆ ಭಾನುವಾರ ಬಾ, ಅಂಥವು ಇನ್ನೊಂದು ಹತ್ತು ಹೇಳ್ತೀನಿ. ಆದ್ರೆ ಆ 54 ಪರ್ಸೆಂಟ್ ಮಾತ್ರ ನಾನು ಒಪ್ಪಲ್ಲ

ಅಕ್ಕ: ಒಪ್ಪಬೇಡಿ, ಪುಟ್ಟಿಗೆ ಕಾಫಿ ಕೊಡಿ ಸಾಕು

ದೊಡ್ಡಪ್ಪ: ಮಧು, ಮೊದಲು ಕಳಿಸಿದ್ದನ್ನ ಇಲ್ಲಿಂದ ತೆಗೆಯೋದು ಹೆಂಗಪ್ಪ?

ಮಧು: ಒತ್ತಿ ಹಿಡ್ಕೊಳಿ ದೊಡ್ಡಪ್ಪ, ‘ಎಲ್ಲರಿಗೂ ಡಿಲೀಟ್’ ಅಂತ ಬರುತ್ತೆ

ದೊಡ್ಡಪ್ಪ: ನಾನು ‘ನನಗೆ ಮಾತ್ರ’ ಒತ್ತಿಬಿಟ್ಟೆ