ಮಡಿಕೇರಿಯ ಇಳಿಜಾರಿನ ಬಡಾವಣೆ: ಇಂಗುಗುಂಡಿ ಮೊದಲಾ, ತಡೆಗೋಡೆ ಮೊದಲಾ?

ಪ್ರಶ್ನೆ: ನಮಸ್ತೆ ಸರ್. ಮಡಿಕೇರಿಯ ಇಳಿಜಾರಿನಲ್ಲಿ ನಮ್ಮದು ಹನ್ನೆರಡು ಮನೆಗಳ ಸಣ್ಣ ಬಡಾವಣೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದಾಗ ನಮಗೇನೂ ಆಗಲಿಲ್ಲ. ಆದರೆ ಅವತ್ತಿನಿಂದ ಜೋರು ಮಳೆ ಬಂದರೆ ನಿದ್ದೆ ಬರುವುದಿಲ್ಲ. ಎಲ್ಲರೂ ದುಡ್ಡು ಹಾಕಿ ಏನಾದರೂ ಮಾಡೋಣ ಅಂತಿದ್ದೇವೆ. ಬೆಂಗಳೂರಿನಲ್ಲಿರುವ ಮಗ ಮನೆಗೊಂದು ಇಂಗುಗುಂಡಿ ಮಾಡಿ ಅನ್ನುತ್ತಾನೆ. ಕೆಲವರು ತಡೆಗೋಡೆ ಕಟ್ಟೋಣ ಅನ್ನುತ್ತಾರೆ. ಯಾವುದು ಮೊದಲು?

ಉತ್ತರ (ಸಿವಿಲ್ ಎಂಜಿನಿಯರ್): ದಯವಿಟ್ಟು ಇಂಗುಗುಂಡಿ ಬೇಡ. ಬೆಂಗಳೂರಿನ ಸಮತಟ್ಟು ಜಾಗಕ್ಕೆ ಅದು ಒಳ್ಳೆಯದೇ. ಬರೆಯ, ಅಂದರೆ ಗುಡ್ಡದ ಕಡಿದಾದ ಮಣ್ಣಿನ ಅಂಚಿನ, ತಲೆಯ ಮೇಲೆ ಗುಂಡಿ ತೋಡಿದರೆ ನಾವೇ ಗುಡ್ಡದೊಳಗೆ ನೀರು ತುಂಬಿಸಿದಂತೆ. ನೆನೆದ ಮಣ್ಣಿಗೆ ಭಾರ ಜಾಸ್ತಿ, ಹಿಡಿತ ಕಡಿಮೆ. 2018ರಲ್ಲಿ ಇಲ್ಲಿಗೆ ಬಂದ ಭೂವಿಜ್ಞಾನಿಗಳೂ ಮಳೆಯ ಜೊತೆಗೆ ಎರಡು ಕಾರಣ ಹೇಳಿದ್ದರು: ಮನೆಗೆ, ರಸ್ತೆಗೆ ಅಂತ ಗುಡ್ಡದ ಬುಡ ಕಡಿದಿದ್ದು, ನೀರಿನ ದಾರಿ ಮುಚ್ಚಿದ್ದು.

ಒಂದು ಲೆಕ್ಕ ನೋಡಿ. ಸಾವಿರ ಚದರಡಿ ಸೂರಿನ ಮೇಲೆ 100 ಮಿ.ಮೀ. ಮಳೆ ಬಿದ್ದರೆ ಸುಮಾರು 9,300 ಲೀಟರ್ ನೀರು. ಹನ್ನೆರಡು ಮನೆಗೆ ಒಂದು ಲಕ್ಷ ಲೀಟರ್ ದಾಟುತ್ತದೆ. ನಮ್ಮ ಮಳೆಗಾಲದಲ್ಲಿ ಒಂದೇ ದಿನ ಅಷ್ಟು ಸುರಿಯುವುದು ಹೊಸದಲ್ಲ, ಅಲ್ವಾ? ಆ ನೀರೆಲ್ಲ ಎಲ್ಲಿಗೆ ಹೋಗುತ್ತಿದೆ ಅಂತ ಮೊದಲು ನೋಡಿ. ಪ್ರತಿ ಸೂರಿನ ನೀರೂ ಪೈಪ್‌ನಲ್ಲೇ ಇಳಿದು, ಸಿಮೆಂಟ್ ಚರಂಡಿ ಸೇರಿ, ಕೆಳಗಿನ ತೋಡಿನವರೆಗೆ (ಸಣ್ಣ ಹಳ್ಳ) ಹೋಗಬೇಕು. ಚರಂಡಿ ಮೆಟ್ಟಿಲು ಮೆಟ್ಟಿಲಾಗಿ ಇರಲಿ, ರಭಸ ಮುರಿಯುತ್ತದೆ. ಪಾತ್ರೆ ತೊಳೆದ ನೀರನ್ನೂ ಹಿತ್ತಲಿಗೆ ಬಿಡಬೇಡಿ. ಇದೇ ಮೊದಲ ಕೆಲಸ.

ತಡೆಗೋಡೆ ಆಮೇಲೆ. ಗೋಡೆ ಬೀಳುವುದು ಹೆಚ್ಚಾಗಿ ಹಿಂದೆ ನೀರು ನಿಂತು. ಹಿಂಬದಿಗೆ ಜಲ್ಲಿ ತುಂಬಿಸಿ, ನೀರು ಹೊರಬರಲು ಸುಮಾರು ಐದಡಿಗೊಂದು ಪೈಪ್ ಇಡಿಸಿ. ಖಾಲಿ ಬರೆಗೆ ಲಾವಂಚ ನೆಡಿ. ಅದರ ಬೇರು ನೇರ ಕೆಳಗಿಳಿದು ಮೇಲ್ಮಣ್ಣು ಹಿಡಿಯುತ್ತದೆ. ಆದರೆ ಆಳದಿಂದ ಜಾರುವ ಗುಡ್ಡವನ್ನು ಯಾವ ಹುಲ್ಲೂ ತಡೆಯುವುದಿಲ್ಲ. ನೆಲದಲ್ಲಿ ಹೊಸ ಬಿರುಕು, ವಾಲಿದ ಕಂಬ, ಇದ್ದಕ್ಕಿದ್ದಂತೆ ಕೆಸರಾದ ಒರತೆ ಕಂಡರೆ ಮಳೆ ನಿಲ್ಲಲಿ ಅಂತ ಕಾಯಬೇಡಿ. ಆ ರಾತ್ರಿಯೇ ಮನೆ ಬಿಡಿ.

ಮತ್ತೊಬ್ಬರು: ಸರ್, ನಮ್ಮದು ಕುಶಾಲನಗರ, ಹೊಳೆ ಬದಿ. 2018, 2019 ಎರಡು ವರ್ಷವೂ ನೀರು ನುಗ್ಗಿತ್ತು. ಸೈಟಿಗೆ ನಾಲ್ಕಡಿ ಮಣ್ಣು ಹಾಕಿಸಲಾ?

ಉತ್ತರ: ಬೇಡ ಮೇಡಂ. ನಿಮ್ಮ ಸೈಟ್ ಏರಿದರೆ ಆ ನೀರು ಪಕ್ಕದ ಮನೆಗೆ ಹೋಗುತ್ತದೆ. ಅವರೂ ಮಣ್ಣು ಹಾಕಿಸುತ್ತಾರೆ. ಕೊನೆಗೆ ಹೊಳೆಗೆ ಹರಡಲು ಜಾಗವೇ ಇರುವುದಿಲ್ಲ. ಮುಂಚೆ ಗದ್ದೆಗಳು ಆ ನೀರನ್ನು ಹಿಡಿದಿಟ್ಟುಕೊಳ್ಳುತ್ತಿದ್ದವು. ಹೊಸದಾಗಿ ಕಟ್ಟುವುದಾದರೆ ಕಂಬದ ಮೇಲೆ ಕಟ್ಟಿ, ಕೆಳಗೆ ಗಾಡಿ ನಿಲ್ಲಿಸಿ. ಕರೆಂಟ್ ಮೀಟರ್, ಮೋಟಾರ್ ಎಲ್ಲ ಆ ಎರಡೂ ವರ್ಷಗಳ ನೀರಿನ ಗುರುತಿಗಿಂತ ಮೇಲಿರಲಿ.

ಮೊದಲು ಕೇಳಿದವರು: ಸರ್, ಮೇಲ್ತುದಿಯ ಮನೆಯವರು ದುಡ್ಡು ಕೊಡಲು ಒಪ್ಪುತ್ತಿಲ್ಲ. ನೀರು ಕೆಳಗೆ ಹೋಗುತ್ತದೆ, ನಮಗೇನು ಅನ್ನುತ್ತಾರೆ.

ಉತ್ತರ: ಕೆಳಗಿನ ಬರೆ ಜರಿದರೆ ಅವರ ಅಡಿಪಾಯದ ಮುಂದಿನ ಮಣ್ಣೇ ಹೋಗುತ್ತದೆ. ಬಾಯಲ್ಲಿ ಹೇಳಿದರೆ ಸಾಲದು. ಮುಂದಿನ ಜೋರು ಮಳೆಗೆ, ಹಗಲಲ್ಲೇ, ಕೊಡೆ ಹಿಡಿದು ಅವರನ್ನೂ ಕರೆದುಕೊಂಡು ಅವರ ಸೂರಿನ ನೀರಿನ ಹಿಂದೆಯೇ ತೋಡಿನವರೆಗೆ ನಡೆಯಿರಿ. ಬರೆಯ ಬುಡಕ್ಕೆ ಮಾತ್ರ ಹೋಗಬೇಡಿ. ನೀರು ಎಲ್ಲೆಲ್ಲಿ ಮಣ್ಣಿಗೆ ಇಳಿಯುತ್ತದೋ ಅಲ್ಲಲ್ಲಿ ಫೋಟೋ ತೆಗೆದು ಇಲ್ಲಿ ಹಾಕಿ. ಚರಂಡಿ ಎಲ್ಲಿಂದ ಶುರು ಮಾಡಬೇಕು ಅಂತ ಗುರುತು ಹಾಕಿ ಕೊಡುತ್ತೇನೆ.