ರೋಬೋಟ್ ಮಂಡಿ ಆಪರೇಷನ್: ಅತ್ತೆಯ ಭಯಕ್ಕೆ ಏನು ಹೇಳಲಿ?

ಪ್ರಶ್ನೆ (ವಿದ್ಯಾನಗರ, ದಾವಣಗೆರೆ):
ಮೇಡಂ, ನಮ್ಮ ಅತ್ತೆಗೆ 66 ವರ್ಷ. ಮುಂದಿನ ತಿಂಗಳು ಬಲಗಾಲಿಗೆ ರೋಬೋಟ್ ನೆರವಿನ ಮಂಡಿ ಕೀಲು ಬದಲಿಸುವ ಆಪರೇಷನ್ ಇದೆ. "ಕರೆಂಟ್ ಹೋದ್ರೆ ಮಿಷನ್ ಎಲ್ಲಿ ಕೊಯ್ಯುತ್ತೋ" ಅಂತ ರಾತ್ರಿ ನಿದ್ದೆ ಮಾಡುತ್ತಿಲ್ಲ. ಮನೆಯವರು "ರೋಬೋಟ್ ಅಲ್ವಾ, ನೋವೇ ಇರಲ್ಲ" ಅನ್ನುತ್ತಾರೆ. ಏನು ಹೇಳಲಿ?

ಉತ್ತರ (ಫಿಸಿಯೋಥೆರಪಿಸ್ಟ್):
ಮೊದಲು "ನೋವೇ ಇರಲ್ಲ" ಅನ್ನುವುದನ್ನು ನಿಲ್ಲಿಸಿ. ಮಿಷನ್ ಭಯ ಆಪರೇಷನ್ ದಿನಕ್ಕೇ ಮುಗಿಯುತ್ತದೆ. ಆದರೆ ಈ ಮಾತು ಆಮೇಲೆ ಅತ್ತೆ ಅಳುವಂತೆ ಮಾಡುತ್ತದೆ.

ಕರೆಂಟಿನ ಮಾತಿಗೆ ಉತ್ತರ ಸುಲಭ. ಆಪರೇಷನ್ ಥಿಯೇಟರಿಗೆ ಬ್ಯಾಕಪ್ ಇರುತ್ತದೆ. ಮಿಷನ್ ನಿಂತರೆ ಡಾಕ್ಟರು ಮಾಮೂಲಿ ಉಪಕರಣದಲ್ಲೇ ಮುಗಿಸುತ್ತಾರೆ. ಕೆಲವು ಮಿಷನ್‌ಗಳಲ್ಲಿ ಗರಗಸ ಡಾಕ್ಟರ ಕೈಯಲ್ಲೇ ಇರುತ್ತದೆ, ಗುರುತು ದಾಟಲು ಹೋದರೆ ಮಿಷನ್ ತಡೆಯುತ್ತದೆ. ಇನ್ನು ಕೆಲವು ತಾವೇ ಮೂಳೆ ಕೊರೆಯುತ್ತವೆ, ಆದರೆ ನಿಲ್ಲಿಸುವುದು ಡಾಕ್ಟರ ಕೈಯಲ್ಲಿರುತ್ತದೆ. ಯಾವುದು ಅಂತ ಅತ್ತೆಯೇ ಕೇಳಲಿ. ಮಗ ಕೇಳಿ ಬಂದು ಹೇಳಿದರೆ ಭಯ ಹೋಗುವುದಿಲ್ಲ. ಬೆನ್ನಿಗೆ ಇಂಜೆಕ್ಷನ್ ಕೊಟ್ಟರೆ ಎಚ್ಚರ ಇದ್ದು ಬಡಿಯುವ ಸದ್ದು ಕೇಳಿಸಬಹುದು. ಮಂಪರಿಗೆ ಔಷಧಿ ಕೊಡುತ್ತಾರಾ ಅಂತಲೂ ಕೇಳಿ.

ನಾನು ನೋಡುವ ಅಳು ಎರಡನೇ, ಮೂರನೇ ವಾರದ್ದು. ಊತ ಇಳಿದಿರುವುದಿಲ್ಲ, ನಿದ್ದೆ ಬರುವುದಿಲ್ಲ, ನಾನು ಮಂಡಿ ಮಡಚಿಸಿದರೆ ಜೀವ ಹೋಗುತ್ತದೆ. ನೋಡಲು ಬಂದವರು "ನಮ್ಮ ಚಿಕ್ಕಮ್ಮ ಎಂಟೇ ದಿನಕ್ಕೆ ಓಡಾಡಿದ್ರು" ಅಂತಾರೆ. (ಅಂಥವರನ್ನು ಕಾಫಿ ಕೊಟ್ಟು ಬೇಗ ಕಳಿಸಿ.) "ರೋಬೋಟ್ ಮಾಡಿದ್ರೂ ನನಗೊಬ್ಬಳಿಗೇ ಯಾಕೆ ಹಿಂಗೆ" ಅಂತ ಕುಗ್ಗಿಹೋಗುತ್ತಾರೆ. ರೋಬೋಟ್ ಅಳತೆಯನ್ನು ಕರಾರುವಾಕ್ಕು ಮಾಡುತ್ತದೆ, ಗಾಯ ಮಾಯುವುದು ದೇಹದ ಕೆಲಸ. ಗಾಯದ ಹೊರಬದಿ ಮರಗಟ್ಟುವುದು, ನಡೆಯುವಾಗ ಟಕ್ ಅನ್ನುವುದು ಸಾಮಾನ್ಯ. ತೊಡೆ ಅಥವಾ ಕೆಳಗಾಲಲ್ಲಿ ಪುಟ್ಟ ಗಾಯ ಕಂಡರೆ ಗಾಬರಿ ಬೇಡ, ಅದು ಅಳತೆಯ ಪಿನ್ ಹಾಕಿದ ಜಾಗ.

ಇನ್ನೊಂದು, ಯಾರೂ ಬಾಯಿ ಬಿಡದ ಸಂಕಟ. ಬಾತ್‌ರೂಮಿಗೆ ಸೊಸೆಯ ಕೈ ಹಿಡಿಯಬೇಕಲ್ಲ ಎಂಬ ನಾಚಿಕೆ. ಇದಕ್ಕೇ ನೀರು ಕಡಿಮೆ ಕುಡಿಯುವವರಿದ್ದಾರೆ. ಎತ್ತರದ ಕಮೋಡ್ ಚೇರ್, ವಾಕರ್ ಮೊದಲೇ ತಂದಿಡಿ.

ಮೀನಖಂಡದಲ್ಲಿ ನೋವು, ಊತ, ಉಸಿರಾಟದ ತೊಂದರೆ, ಜ್ವರ, ಗಾಯದಿಂದ ಸೋರುವುದು ಇದ್ದರೆ ಸಮಾಧಾನ ಹೇಳುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ.

ಮರುಪ್ರಶ್ನೆ:
ನೆಲದ ಮೇಲೆ ಕೂತು ರೊಟ್ಟಿ ಬಡಿಯೋಕೆ ಆಗುತ್ತಾ ಅಂತ ಕೇಳುತ್ತಿದ್ದಾರೆ ಮೇಡಂ.

ಉತ್ತರ:
ಚಕ್ಕಳಮಕ್ಕಳ, ಕುಕ್ಕರಗಾಲು ಬೇಡ ಅಂತಲೇ ನಾವು ಹೇಳುವುದು. ಅಡುಗೆ ಕಟ್ಟೆಯ ಮುಂದೆ ನಿಂತು ಬಡಿಯಬಹುದು. ಇದನ್ನು ಈಗಲೇ ಹೇಳಿಬಿಡಿ. ಆಪರೇಷನ್ ಆದಮೇಲೆ ಗೊತ್ತಾದರೆ ಬೇಜಾರು ಜಾಸ್ತಿ.